ಕ್ಲ್ಯಾಂಪ್ ಫೈಲ್ ನನ್ನದಾಗಿದ್ದಾಗ

ಸೋಮವಾರ ಬೆಳಿಗ್ಗೆ ನಮ್ಮ ತಂಡದ ಮುಖ್ಯಸ್ಥೆ ಬಿಳಿ ಬೋರ್ಡಿನ ಮುಂದೆ ನಿಂತು, ಇನ್ನು ಮೇಲೆ ಯಾವ ಫೈಲೂ ಯಾರೊಬ್ಬರದೂ ಅಲ್ಲ ಎಂದರು. ಪ್ರತಿ ಕೋಡ್ ಫೈಲಿನ ತಲೆಯಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರು ಇರುತ್ತಿತ್ತು. ಆ ಸಾಲುಗಳನ್ನೆಲ್ಲ ಅವರು ನಮ್ಮ ಕಣ್ಣೆದುರೇ ಅಳಿಸಿದರು. ನನ್ನ ಹೆಸರು ನಾಲ್ಕು ಫೈಲುಗಳಿಂದ ಹೋಯಿತು. ಮೂರರ ಬಗ್ಗೆ ನನಗೇನೂ ಅನ್ನಿಸಲಿಲ್ಲ. ನಾಲ್ಕನೆಯದು ಕ್ಲ್ಯಾಂಪ್ ಫೈಲ್.

ನಮ್ಮದು ಡಚ್ ಪಟ್ಟಣ ವೆಲ್ಡ್‌ಹೋವನ್‌ನ ಒಂದು ಸಣ್ಣ ಕಂಪನಿ. ಲೇಪನ ಹಾಕಿದ ತೆಳು ಗಾಜಿನ ಫಲಕಗಳನ್ನು ಪೆಟ್ಟಿಗೆಯಿಂದ ತೆಗೆದು ಅಳತೆಯ ಮೇಜಿನ ಮೇಲೆ ಇಡುವ ಯಂತ್ರವನ್ನು ತಯಾರಿಸುತ್ತೇವೆ. ಫಲಕ ಮೇಜಿನ ಮೇಲೆ ಜಾರಿ ಬರುತ್ತದೆ, ಮೂರು ಪಿನ್ನುಗಳ ಮೇಲೆ ಕೂರುತ್ತದೆ, ಆಮೇಲೆ ಎರಡು ಕಡೆಯಿಂದ ಕ್ಲ್ಯಾಂಪ್ ಬಂದು ಅಂಚನ್ನು ಹಿಡಿಯುತ್ತದೆ. ಕೂರುವ ಮೊದಲೇ ಹಿಡಿದರೆ ಅಂಚು ಸಿಡಿಯುತ್ತದೆ. ಈ ಹಿಡಿಯುವ, ಬಿಡುವ ಕೆಲಸದ ಕೋಡ್ ನಾನು ಬರೆದದ್ದು. ನಾಲ್ಕು ವರ್ಷ ಅದನ್ನು ನಾನಲ್ಲದೆ ಯಾರೂ ಮುಟ್ಟಿರಲಿಲ್ಲ.

ನಾನು ಎರಡನೇ ಪಿಯುಸಿ ಪಾಸಾಗದವನು. ಪೀಣ್ಯದ ಶೆಡ್‌ಗಳಲ್ಲಿ ಪ್ಯಾನೆಲ್ ವೈರಿಂಗ್ ಮಾಡುತ್ತಾ ಮಾಡುತ್ತಾ ಕೋಡ್ ಕಲಿತವನು. ತಂಡದಲ್ಲಿ ಉಳಿದ ಐವರಿಗೂ ಡಿಗ್ರಿ ಇದೆ. ಅವರಿಗೆ ಡಿಗ್ರಿ ಇದ್ದ ಜಾಗದಲ್ಲಿ ನನಗೆ ಕ್ಲ್ಯಾಂಪ್ ಫೈಲ್ ಇತ್ತು.

ಆ ಐವರಲ್ಲಿ ಒಬ್ಬಳು ನನ್ನ ತಂಗಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವಳು. ಕಂಪನಿಗೆ ಅವಳ ಹೆಸರು ಹೇಳಿದ್ದು ನಾನೇ. ಬಂದು ಹತ್ತು ತಿಂಗಳಾಗಿತ್ತು. ಒಂದು ವರ್ಷದ ಕಾಂಟ್ರಾಕ್ಟ್. ಅದು ಮುಂದುವರಿಯುತ್ತದೋ ಇಲ್ಲವೋ ಎಂಬುದನ್ನು ಮುಗಿಯುವ ಒಂದು ತಿಂಗಳು ಮೊದಲು ಬರಹದಲ್ಲಿ ತಿಳಿಸಬೇಕು. ಮುಂದುವರಿಯದಿದ್ದರೆ ಮೂರು ತಿಂಗಳೊಳಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಬೇಕು, ಇಲ್ಲವಾದರೆ ವಾಸದ ಪರವಾನಗಿ ಹೋಗುತ್ತದೆ. ನಾವಿಬ್ಬರೂ ಐಂಡ್‌ಹೋವನ್‌ನಲ್ಲಿ ಎರಡು ಕೋಣೆಯ ಒಂದೇ ಮನೆಯಲ್ಲಿದ್ದೆವು. ಬೆಳಿಗ್ಗೆ ಜೊತೆಯಲ್ಲೇ ಸೈಕಲ್‌ನಲ್ಲಿ ಹೋಗುತ್ತಿದ್ದೆವು.

ಮುಖ್ಯಸ್ಥೆ ಹೆಸರುಗಳನ್ನು ಅಳಿಸಲು ಕಾರಣವಿತ್ತು. ಹಿಂದಿನ ತಿಂಗಳು ಒಬ್ಬರು ರಜೆಯಲ್ಲಿದ್ದಾಗ ಅವರ ಫೈಲಿನಲ್ಲಿ ಒಂದು ತಪ್ಪು ಕಂಡಿತ್ತು. ಬೇರೆ ಯಾರಿಗೂ ಅದರೊಳಗೆ ಕೈಹಾಕುವ ಧೈರ್ಯ ಬರಲಿಲ್ಲ. ಮೂರು ವಾರ ಯಂತ್ರವೊಂದು ಪ್ಯಾಕಿಂಗ್ ಕೋಣೆಯಲ್ಲೇ ನಿಂತಿತು. ಆರು ಜನ ಆರು ರೀತಿ ಬರೆಯುತ್ತೇವೆ, ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ದೀಪದ ಸ್ವಿಚ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ ಎಂದರು. ಎಲ್ಲರೂ ಒಪ್ಪಿ ನಡೆಯಬೇಕಾದ ನಿಯಮಗಳ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿದರು. ನಾನು ಅದನ್ನು ಮೇಲಿನಿಂದ ಕೆಳಗೆ ಓದಿದೆ. ನಡುವೆ ಒಂದು ಸಾಲಿತ್ತು: ಹೆಸರು ಪ್ರಶ್ನೆಯಂತಿರುವ ಫಂಕ್ಷನ್ ಉತ್ತರ ಮಾತ್ರ ಕೊಡಬೇಕು, ಯಾವುದನ್ನೂ ಅಲುಗಾಡಿಸಬಾರದು.

ನನ್ನ ಫೈಲಿನಲ್ಲಿ 'ಕ್ಲ್ಯಾಂಪ್ ಮುಚ್ಚಿದೆಯೇ' ಎಂಬ ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯುವ ಕೋಡಿನ ತುಣುಕು, ಇತ್ತು. ಅದು ಪ್ರಶ್ನೆ. ಆದರೆ ಕ್ಲ್ಯಾಂಪ್ ಮುಚ್ಚಿರದಿದ್ದರೆ ಅದು ಕ್ಲ್ಯಾಂಪನ್ನು ಮುಚ್ಚಿಬಿಡುತ್ತಿತ್ತು, ಆಮೇಲೆ ಹೌದು ಎಂದು ಉತ್ತರಿಸುತ್ತಿತ್ತು.

ಎರಡು ವರ್ಷದ ಹಿಂದೆ ಒಬ್ಬ ಗ್ರಾಹಕರ ಕಾರ್ಖಾನೆಯಲ್ಲಿ ಗಾಳಿಯ ಒತ್ತಡ ಆಗಾಗ ಕುಸಿಯುತ್ತಿತ್ತು. ಹಿಡಿದ ಕ್ಲ್ಯಾಂಪ್ ಕೂದಲೆಳೆಯಷ್ಟು ಸಡಿಲವಾಗುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ನಾನು ಅಲ್ಲೇ ಯಂತ್ರದ ಪಕ್ಕ ನಿಂತು, ಆ ಪ್ರಶ್ನೆಯೊಳಗೆ ಮತ್ತೆ ಮುಚ್ಚುವ ಆಜ್ಞೆಯನ್ನು ಸೇರಿಸಿದೆ. ಯಂತ್ರ ಓಡಿತು. ಆಫೀಸಿಗೆ ವಾಪಸ್ ಬಂದ ಮೇಲೆ ಸರಿಯಾಗಿ ಮಾಡೋಣ ಎಂದುಕೊಂಡಿದ್ದೆ. ಮಾಡಲಿಲ್ಲ. ನಾನು ಆ ಪ್ರಶ್ನೆಯನ್ನು ಫಲಕ ಕೂತ ಮೇಲೆ ಮಾತ್ರ ಕೇಳುತ್ತಿದ್ದೆ, ಹಾಗಾಗಿ ತೊಂದರೆಯಾಗಿರಲಿಲ್ಲ. ಯಾವಾಗ ಕೇಳಬೇಕು ಎಂಬುದು ನನ್ನ ತಲೆಯಲ್ಲಿತ್ತು. ಎಲ್ಲೂ ಬರೆದಿರಲಿಲ್ಲ.

ಸಭೆ ಮುಗಿದ ಮೇಲೆ ನಾನು ಮುಖ್ಯಸ್ಥೆಯ ಬಳಿ ಹೋಗಿ, ಕ್ಲ್ಯಾಂಪ್ ಫೈಲನ್ನು ಹೊರಗಿಡಬಹುದೇ ಎಂದು ಕೇಳಿದೆ. ಅದು ಯಂತ್ರಕ್ಕೆ ತೀರ ಹತ್ತಿರದ್ದು, ಅಪಾಯ ಎಂದೆ.

"ಅಪಾಯ ಇರೋದಕ್ಕೇ ಇನ್ನೊಬ್ಬರಿಗೆ ಗೊತ್ತಿರಬೇಕು. ಮೂರು ವಾರ ತಗೊಳ್ಳಿ. ನಿಮ್ಮ ತಂಗಿಗೆ ಕಲಿಸಿಕೊಡಿ. ಮನೆಯವರೇ ಆದ್ರೆ ನಿಮಗೂ ಸುಲಭ ಅಲ್ವಾ?" ಎಂದರು ಅವರು.

ತಂಡದಲ್ಲಿ ಬೆಂಗಳೂರಿನ ಶಿವಾಜಿನಗರದ ಟೆಸ್ಟರ್ ಒಬ್ಬರಿದ್ದರು. ನಮ್ಮ ಜೊತೆ ಕನ್ನಡ, ಮನೆಯಲ್ಲಿ ದಖ್ನಿ. ಮಧ್ಯಾಹ್ನ ಊಟದ ಮೇಜಿನಲ್ಲಿ ಅವರು ತಂಗಿಗೆ ಹೇಳಿದರು, "ಹುಷಾರಮ್ಮ. ನಿಮ್ಮಣ್ಣನ ಫೈಲ್ ಅಂದ್ರೆ ಬಾಡಿಗೆ ಮನೆ ಥರ. ಓನರ್ ಮೇಲ್ಗಡೆನೇ ಇರ್ತಾರೆ. ಗೋಡೆಗೆ ಒಂದ್ ಮೊಳೆ ಹೊಡೆಯಂಗಿಲ್ಲ."

"ಈಗ ಓನರ್ ಬೋರ್ಡ್ ಕಿತ್ತಾಕಿದಾರಲ್ಲ," ಎಂದಳು ತಂಗಿ.

"ಬೋರ್ಡ್ ಕಿತ್ತಿದಾರೆ. ಓನರ್ ಹೋಗಿಲ್ವಲ್ಲ ಗುರು," ಎಂದು ಅವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಮೊದಲ ವಾರ ಇಡೀ ತಂಡ ದೊಡ್ಡ ಪರದೆಯ ಮುಂದೆ ಕುಳಿತು ನನ್ನ ಫೈಲನ್ನು ಓದಿತು. ನಾನು ಮೌಸ್ ಉರುಳಿಸುತ್ತಿದ್ದೆ. ಒಂದು ಫಂಕ್ಷನ್ ಎಷ್ಟು ಉರುಳಿಸಿದರೂ ಮುಗಿಯಲಿಲ್ಲ. ಪೋಲೆಂಡಿನಿಂದ ಬಂದ ಹಿರಿಯ ಡೆವಲಪರ್, "ನಡುವೆ ಕಾಫಿ ವಿರಾಮ ಇದೆಯಾ?" ಎಂದರು. ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೇರೆಯವರ ಕೋಡ್ ಓದುವಾಗಲೂ ಅವರು ಹೀಗೆಯೇ ಅನ್ನುತ್ತಿದ್ದರು. ಆದರೆ ನನಗೆ ಆಮೇಲಿನ ಅರ್ಧ ಗಂಟೆಯ ಮಾತು ಸರಿಯಾಗಿ ಕೇಳಿಸಲಿಲ್ಲ. 'ಕ್ಲ್ಯಾಂಪ್ ಮುಚ್ಚಿದೆಯೇ' ಬಂದಾಗ ಅದನ್ನು ಬೇಗ ಉರುಳಿಸಿ ಮುಂದೆ ಹೋದೆ. ಮುಚ್ಚುವ ಆಜ್ಞೆ ನೇರವಾಗಿ ಅಲ್ಲಿ ಕಾಣುತ್ತಿರಲಿಲ್ಲ. ಅದು ಎರಡು ಫಂಕ್ಷನ್ ದಾಟಿ ಒಳಗೆ ಇತ್ತು.

ಎರಡನೇ ವಾರ ತಂಗಿ ನನ್ನ ಪಕ್ಕದ ಕುರ್ಚಿಗೆ ಬಂದಳು. ಒಂದು ನೋಟ್‌ಬುಕ್‌ನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಿದ್ದಳು. ಗೋಡೆಯ ಹಾಳೆಯಲ್ಲಿ ಇನ್ನೊಂದು ನಿಯಮವಿತ್ತು: ಕೋಡ್ ಬಗೆಗಿನ ಪ್ರಶ್ನೆ, ಉತ್ತರ ಎರಡನ್ನೂ ಎಲ್ಲರಿಗೂ ಕಾಣುವ ಕಡೆ, ಇಂಗ್ಲಿಷಿನಲ್ಲಿ, ಆ ಸಾಲಿನ ಪಕ್ಕದಲ್ಲೇ ಬರೆಯಬೇಕು. ಅವಳು ಹಾಗೆಯೇ ಟೈಪ್ ಮಾಡಲು ಶುರು ಮಾಡಿದಳು.

"ಅಲ್ಲಿ ಯಾಕೆ ಬರೀತೀಯ? ಪಕ್ಕದಲ್ಲೇ ಕೂತಿದೀನಲ್ಲ, ನನ್ನನ್ನೇ ಕೇಳು," ಎಂದೆ.

"ರೂಲ್ ಅಲ್ವಾ ಅಣ್ಣ?"

"ಮನೇಲಿ ಉಪ್ಪು ಎಲ್ಲಿದೆ ಅಂತ ಕೇಳೋಕೂ ಹಿಂಗೇ ಬರೆದು ಟಿಕೆಟ್ ಹಾಕ್ತೀಯಾ? ಕೇಳು."

ಅವಳು ನಕ್ಕು, ಟೈಪ್ ಮಾಡಿದ್ದನ್ನು ಅಳಿಸಿದಳು. ಆಮೇಲೆ ಎಲ್ಲವನ್ನೂ ಕನ್ನಡದಲ್ಲಿ, ಬಾಯಲ್ಲೇ ಮುಗಿಸಿದೆವು. ಕೇಳಿಸಿಕೊಂಡರೂ ಯಾರಿಗೂ ಅರ್ಥವಾಗುವಂತಿರಲಿಲ್ಲ. ಟೆಸ್ಟರ್ ಅಂದು ರಜೆಯಲ್ಲಿದ್ದರು.

ಏಳೋ ಎಂಟೋ ಪ್ರಶ್ನೆಗಳಾದ ಮೇಲೆ ಅವಳು, "ಇದು, 'ಕ್ಲ್ಯಾಂಪ್ ಮುಚ್ಚಿದೆಯೇ'. ಇದು ಬರೀ ಚೆಕ್ ಮಾಡುತ್ತೆ ತಾನೆ? ಇನ್ನೇನೂ ಮಾಡಲ್ಲ ಅಲ್ವಾ?" ಎಂದಳು.

"ಇಲ್ಲ. ಚೆಕ್ ಮಾಡುತ್ತೆ, ಅಷ್ಟೆ."

"ಸರಿ," ಎಂದು ಅವಳು ನೋಟ್‌ಬುಕ್‌ನಲ್ಲಿ ಗೀಟು ಹಾಕಿಕೊಂಡಳು.

ನಾನು ಮರೆತು ಹೇಳಿದ್ದಲ್ಲ. ಅವಳು ಕೇಳುವಾಗ ಆ ಕಾರ್ಖಾನೆಯ ನೆಲ, ಯಂತ್ರದ ಪಕ್ಕದ ಹಳದಿ ಗೆರೆ ಎಲ್ಲ ನೆನಪಿನಲ್ಲಿತ್ತು. ನಾನು ಯೋಚಿಸಿದ್ದು ಇಷ್ಟೇ: ಈ ವಾರದಲ್ಲಿ ನಾನೇ ಸರಿ ಮಾಡಿಬಿಡುತ್ತೇನೆ, ಮಾಡಿದ ಮೇಲೆ ನಾನು ಹೇಳಿದ್ದು ನಿಜವಾಗುತ್ತದೆ.

ಮರುದಿನ, ಬುಧವಾರ, ಲ್ಯಾಬ್‌ನ ಯಂತ್ರದ ಮುಂದೆ ಒಬ್ಬನೇ ಕುಳಿತು ಆ ಆಜ್ಞೆಯನ್ನು ತೆಗೆದೆ. ಗಾಳಿಯ ಒತ್ತಡವನ್ನು ಬೇಕೆಂದೇ ಸ್ವಲ್ಪ ಇಳಿಸಿ ಓಡಿಸಿದೆ. ಹನ್ನೆರಡನೇ ಸುತ್ತಿನಲ್ಲಿ ಯಂತ್ರ ನಿಂತಿತು. ಕ್ಲ್ಯಾಂಪಿನ ಸೆನ್ಸರ್ ಒಂದು ಕ್ಷಣ 'ತೆರೆದಿದೆ' ಎನ್ನುತ್ತಿತ್ತು, ಮತ್ತೆ 'ಮುಚ್ಚಿದೆ' ಎನ್ನುತ್ತಿತ್ತು. ಸ್ವಲ್ಪ ಕಾದು ಎರಡನೇ ಸಲ ಓದಬೇಕು ಎಂದು ಹೊಳೆಯಿತು. ಹಾಗೆ ಮಾಡಿದರೆ ಬೇರೊಂದು ಕಡೆ ಸಮಯ ಮೀರಿ ತಪ್ಪು ಬಂತು. ಆ ಬೇರೊಂದು ಕಡೆ ಹಿರಿಯ ಡೆವಲಪರ್ ಬರೆದದ್ದು. ಅವರನ್ನು ಕೇಳಿದ್ದರೆ ಹತ್ತು ನಿಮಿಷದ ಕೆಲಸ. ಕೇಳಲಿಲ್ಲ. ಗುರುವಾರ ಆ ಆಜ್ಞೆಯನ್ನು ಇದ್ದಲ್ಲೇ ಮತ್ತೆ ಇಟ್ಟೆ.

ಮೂರನೇ ವಾರ ತಂಗಿ ಮೊದಲ ಬದಲಾವಣೆ ಮಾಡಿದಳು. ರಿಪೇರಿಗೆ ಹೋಗುವ ತಂತ್ರಜ್ಞರು ಬಹಳ ದಿನದಿಂದ ಕೇಳುತ್ತಿದ್ದ ಒಂದು ಪರದೆ. ಅದರಲ್ಲಿ ಯಂತ್ರದ ಪ್ರತಿ ಭಾಗದ ಸ್ಥಿತಿ ಅರ್ಧ ಸೆಕೆಂಡಿಗೊಮ್ಮೆ ಕಾಣಬೇಕು. ಕ್ಲ್ಯಾಂಪಿನ ಸ್ಥಿತಿಗಾಗಿ ಅವಳು 'ಕ್ಲ್ಯಾಂಪ್ ಮುಚ್ಚಿದೆಯೇ' ಎಂದು ಅರ್ಧ ಸೆಕೆಂಡಿಗೊಮ್ಮೆ ಕೇಳಿದ್ದಳು. ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು.

ಯಾವ ಬದಲಾವಣೆಯನ್ನೂ ಇಬ್ಬರು ಓದಿ ಒಪ್ಪಬೇಕು. ಹಿರಿಯ ಡೆವಲಪರ್ ಓದಿ ಒಪ್ಪಿದ್ದರು. ಎರಡನೆಯವನು ನಾನು. ಆ ಸಾಲು ನನ್ನ ಮಾನಿಟರಿನ ನಡುವೆ ಇತ್ತು, ಹೊಸ ಸಾಲೆಂದು ಹಸಿರು ಬಣ್ಣದಲ್ಲಿ. ನಾನು ಅದನ್ನು ನೋಡಿದೆ. ಪರದೆ ತೆರೆದಿರುವಾಗಲೇ ಫಲಕ ಜಾರಿ ಬಂದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ತಂತ್ರಜ್ಞರು ಯಂತ್ರ ನಿಲ್ಲಿಸಿದ ಮೇಲೆ ತಾನೆ ಈ ಪರದೆ ತೆರೆಯುವುದು ಎಂದುಕೊಂಡೆ. ಕೆಳಗೆ ಪ್ರಶ್ನೆ ಬರೆಯುವ ಜಾಗವಿತ್ತು. ಅಲ್ಲಿ ಏನು ಬರೆದರೂ, ಕಳೆದ ವಾರ ಇಲ್ಲ ಎಂದದ್ದು ಯಾಕೆ ಎಂಬಲ್ಲಿಗೆ ಬರುತ್ತಿತ್ತು. ಅಪ್ರೂವ್ ಒತ್ತಿದೆ.

ಲ್ಯಾಬ್‌ನ ಯಂತ್ರದ ಗಾಳಿಯ ವಾಲ್ವ್‌ಗಳನ್ನು ಆ ವಾರ ಬಿಚ್ಚಿಟ್ಟಿದ್ದರು. ಟೆಸ್ಟರ್ ಕಂಪ್ಯೂಟರಿನಲ್ಲಿರುವ ಅಣಕು ಯಂತ್ರದ ಮೇಲೆ ಎಲ್ಲ ಪರೀಕ್ಷೆ ಮುಗಿಸಿದರು. ಅಣಕು ಕ್ಲ್ಯಾಂಪ್ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಆದರೆ ಅದರ ಹತ್ತಿರ ಗಾಜಿಲ್ಲ. ಅವರು ನನ್ನ ಮೇಜಿಗೆ ಬಂದು, "ಗುರು, ಒರಿಜಿನಲ್ ಮೆಷಿನ್ ರೆಡಿ ಆಗೋವರ್ಗೂ ಕಾಯೋಣ್ವಾ? ನಿಂಗೇ ಗೊತ್ತು ಅದು," ಎಂದರು.

"ಸ್ಕ್ರೀನ್ ತಾನೆ," ಎಂದೆ.

ಗುರುವಾರ ಹೊಸ ಸಾಫ್ಟ್‌ವೇರ್ ಗ್ರಾಹಕರಿಗೆ ಹೋಯಿತು. ಮುಂದಿನ ಮಂಗಳವಾರ ಜರ್ಮನಿಯ ಗ್ರಾಹಕರೊಬ್ಬರಿಂದ ಫೋನ್ ಬಂತು. ಹದಿನಾಲ್ಕು ಫಲಕಗಳ ಅಂಚು ಸಿಡಿದಿತ್ತು. ಅವರ ಒಂದು ಇಡೀ ಪ್ರಯೋಗದ ಫಲಕಗಳು, ಎರಡು ತಿಂಗಳು ಲೇಪನ ಹಾಕಿದ್ದು. ತಂತ್ರಜ್ಞರೊಬ್ಬರು ಹೊಸ ಪರದೆ ಚೆನ್ನಾಗಿದೆ ಎಂದು ಅದನ್ನು ತೆರೆದಿಟ್ಟೇ ಯಂತ್ರ ಓಡಿಸಿದ್ದರು.

ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸಿದೆವು. ತಂಗಿ, ಯಂತ್ರ ಕ್ಷಣಕ್ಷಣಕ್ಕೂ ಬರೆದಿಡುವ ಲಾಗ್ ತರಿಸಿಕೊಂಡು ಓದಿದಳು. ಸಂಜೆ ನಾಲ್ಕಕ್ಕೆ ಅವಳಿಗೆ ಸಿಕ್ಕಿತು. ಪರದೆ ಪ್ರಶ್ನೆ ಕೇಳಿದ ಪ್ರತಿ ಸಲ, ಅದೇ ಕ್ಷಣದಲ್ಲಿ, ಮುಚ್ಚುವ ಆಜ್ಞೆ ಹೋಗಿತ್ತು. ಅವಳು ಇನ್ನೂ ಏನನ್ನೋ ತೆರೆದು ಓದಿದಳು. ನನ್ನ ಕಡೆ ತಿರುಗಲಿಲ್ಲ. ಎದ್ದು ಹೋಗಿ ಮುಖ್ಯಸ್ಥೆಯನ್ನು ಕರೆತಂದಳು.

ಬುಧವಾರದ ಸಭೆಗೆ ವಿಭಾಗದ ಮ್ಯಾನೇಜರ್ ಕೂಡ ಬಂದರು. ಮುಖ್ಯಸ್ಥೆ, ಇಲ್ಲಿ ಯಾರ ತಪ್ಪು ಎಂದು ಹುಡುಕುವುದಿಲ್ಲ, ಏನು ನಡೆಯಿತು ಎಂದು ಹುಡುಕುತ್ತೇವೆ ಎಂದರು. ಮ್ಯಾನೇಜರ್ ಅದನ್ನು ಕೇಳಿ ತಲೆಯಾಡಿಸಿ, "ಸರಿ. ಬದಲಾವಣೆ ಯಾರದು?" ಎಂದರು.

"ನನ್ನದು," ಎಂದಳು ತಂಗಿ. "ಒಂದು ಫಂಕ್ಷನ್ ಏನು ಮಾಡುತ್ತೆ ಅಂತ ಪೂರ್ತಿ ಓದದೆ ಬಳಸಿದೆ. ಓದಬೇಕಿತ್ತು."

ಮುಖ್ಯಸ್ಥೆ ನನ್ನನ್ನು ಕೇಳಿದರು, ಆ ಆಜ್ಞೆ ಅಲ್ಲಿ ಯಾಕಿತ್ತು ಎಂದು. ಎರಡು ವರ್ಷದ ಹಿಂದೆ ಗ್ರಾಹಕರ ಕಡೆ ಅವಸರದಲ್ಲಿ ಹಾಕಿದ್ದು, ಮರೆತುಹೋಗಿತ್ತು ಎಂದೆ. ಯಾರೂ ಅನುಮಾನ ಪಡಲಿಲ್ಲ. ಎಲ್ಲರ ಫೈಲಿನಲ್ಲೂ ಅಂಥದ್ದು ಒಂದೆರಡು ಇರುತ್ತದೆ.

ಮ್ಯಾನೇಜರ್ ಹೇಳಿದರು, "ಇವರೇ ನೋಡಿಕೊಳ್ಳುತ್ತಿದ್ದಾಗ ಎರಡು ವರ್ಷ ಒಂದು ಫಲಕವೂ ಒಡೆದಿರಲಿಲ್ಲ. ಎಲ್ಲರದ್ದು ಅಂತ ಮಾಡಿ ಒಂದು ತಿಂಗಳಾಗಿಲ್ಲ." ಫೈಲುಗಳನ್ನು ಹಿಂದಿನಂತೆ ಹಂಚಿಕೊಡುವ ಬಗ್ಗೆ ಮುಂದಿನ ಸೋಮವಾರ ತೀರ್ಮಾನಿಸೋಣ, ಅಷ್ಟರಲ್ಲಿ ನಾನು ಘಟನೆಯ ವರದಿ ಬರೆಯಬೇಕು ಎಂದರು.

ಅಂದು ಸೈಕಲ್‌ನಲ್ಲಿ ಮನೆಗೆ ಹೋಗುವಾಗ ಎದುರು ಗಾಳಿಯಿತ್ತು. ಹೆದ್ದಾರಿಯ ಕೆಳಗಿನ ಸುರಂಗದಲ್ಲಿ ಗಾಳಿ ನಿಂತಾಗ ಅವಳು ಪಕ್ಕಕ್ಕೆ ಬಂದಳು.

"ನಾನು ಕೇಳಿದ್ದೆ ಅಣ್ಣ."

"ಹೂಂ."

"ಏನೂ ಮಾಡಲ್ಲ ಅಂದೆ."

"ಮರೆತಿದ್ದೆ ಕಣೆ. ಎರಡು ವರ್ಷ ಆಗಿತ್ತು."

"ಸರಿ," ಎಂದಳು. ಸುರಂಗ ಮುಗಿಯಿತು, ಮತ್ತೆ ಒಬ್ಬರ ಹಿಂದೆ ಒಬ್ಬರು ಹೋದೆವು.

ಗುರುವಾರ ವರದಿ ಬರೆದೆ. ನನ್ನ ಇಂಗ್ಲಿಷ್ ಸಾಲದು. ಹೊರಗೆ ಹೋಗುವ ಯಾವ ಬರಹವನ್ನೂ ಮೊದಲು ತಂಗಿಗೆ ಕಳಿಸಿ ತಿದ್ದಿಸಿಕೊಳ್ಳುವುದು ನನ್ನ ಅಭ್ಯಾಸ. ಇದನ್ನೂ ಕಳಿಸಿದೆ. ಕಳಿಸಿದ ಮೇಲೆ, ಏನು ಕಳಿಸಿದೆ ಎಂದು ತಿಳಿಯಿತು. ಕಾರಣ ಎಂಬ ಶೀರ್ಷಿಕೆಯ ಕೆಳಗೆ, ಹೊಸ ಡೆವಲಪರ್ ಫಂಕ್ಷನ್ ಅನ್ನು ಪರಿಶೀಲಿಸದೆ ಬಳಸಿದರು ಎಂದು ಬರೆದಿದ್ದೆ.

ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಂತು. ಎಲ್ಲ ತಪ್ಪುಗಳನ್ನೂ ತಿದ್ದಿದ್ದಳು. ಕಾರಣದ ಸಾಲಿನಲ್ಲಿ ಕ್ರಿಯಾಪದ ಸರಿ ಇರಲಿಲ್ಲ, ಅದನ್ನೂ ಸರಿ ಮಾಡಿದ್ದಳು. ಈಗ ಆ ಸಾಲು ಮೊದಲಿಗಿಂತ ಸ್ಪಷ್ಟವಾಗಿ ಓದಿಸಿಕೊಳ್ಳುತ್ತಿತ್ತು. ಬೇರೆ ಏನೂ ಬರೆದಿರಲಿಲ್ಲ. ನಾನು ಅದನ್ನು ಮುಂದೆ ಕಳಿಸಿದೆ.

ಶುಕ್ರವಾರ ಹನ್ನೊಂದಕ್ಕೆ ಅವಳನ್ನು ಕಾಂಟ್ರಾಕ್ಟ್ ಬಗ್ಗೆ ಮಾತಾಡಲು ಕರೆದರು. ಹದಿನೈದು ನಿಮಿಷಕ್ಕೆ ಹೊರಗೆ ಬಂದಳು. ಕೈಯಲ್ಲಿ ಒಂದು ಲಕೋಟೆ ಇತ್ತು. ನನ್ನ ಮೇಜಿನ ಪಕ್ಕ ನಿಂತು, "ಮುಂದುವರಿಸಲ್ವಂತೆ," ಎಂದಳು. ಆಮೇಲೆ ತನ್ನ ಕುರ್ಚಿಗೆ ಹೋಗಿ, ಬಿಟ್ಟಿದ್ದ ಕೆಲಸ ಮುಂದುವರಿಸಿದಳು. ಟೆಸ್ಟರ್ ಎದ್ದು ಬಂದು ಅವಳ ಮೇಜಿನ ಮೇಲೆ ಟೀ ಇಟ್ಟರು.

ಶನಿವಾರ, ಭಾನುವಾರ ಏನು ಮಾಡಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ. ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಳು. ನಾನು ಸಾರು ಮಾಡಿದೆ. ಉಪ್ಪು ಜಾಸ್ತಿಯಾಗಿತ್ತು ಎಂದು ಅವಳು ಹೇಳಿದ ಮೇಲೆ ಗೊತ್ತಾಯಿತು. ಅಮ್ಮ ಫೋನ್ ಮಾಡಿದಾಗ ಅವಳೇ ತೆಗೆದುಕೊಂಡು, ಎಲ್ಲ ಚೆನ್ನಾಗಿದೆ ಎಂದಳು.

ಸೋಮವಾರ ಮತ್ತೆ ಅದೇ ಬಿಳಿ ಬೋರ್ಡಿನ ಮುಂದೆ ಕುಳಿತೆವು. ಮ್ಯಾನೇಜರ್ ಫೈಲುಗಳ ಪಟ್ಟಿ ಹಾಕಿ, ಪಕ್ಕದಲ್ಲಿ ಹೆಸರುಗಳನ್ನು ಬರೆದಿದ್ದರು. ಕ್ಲ್ಯಾಂಪ್ ಫೈಲಿನ ಪಕ್ಕ ನನ್ನ ಹೆಸರಿತ್ತು. ನಾಲ್ಕು ವಾರದ ಹಿಂದೆ ನಾನು ಬೇಡಿದ್ದು ಅದೇ. ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳುತ್ತಾ ಬಂದರು. ಹಿರಿಯ ಡೆವಲಪರ್ ಬೇಡ ಎಂದರು. ಟೆಸ್ಟರ್ ಬೇಡ ಎಂದರು. ತಂಗಿ, ನಾನು ಹೋಗುವವಳು, ನನ್ನ ಅಭಿಪ್ರಾಯ ಬೇಕಿಲ್ಲ ಎಂದಳು. ನನ್ನ ಸರದಿ ಬಂತು.

ನಾನು ಏನನ್ನೂ ಯೋಚಿಸಿಕೊಂಡು ಹೋಗಿರಲಿಲ್ಲ. "ವರದಿ ಸುಳ್ಳು," ಎಂದೆ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಪ್ರಶ್ನೆಯನ್ನು ಬರೆಯಲು ಹೋದಳು, ನಾನು ಬೇಡ ಎಂದೆ. ನಮ್ಮ ಭಾಷೆಯಲ್ಲಿ ಕೇಳಿದಳು, ನಾನು ಇಲ್ಲ ಎಂದೆ. ಗೊತ್ತಿದ್ದೇ ಇಲ್ಲ ಎಂದೆ. ಗೊತ್ತಿದ್ದೇ ಅಪ್ರೂವ್ ಒತ್ತಿದೆ. ಎರಡು ವರ್ಷ ಫಲಕ ಒಡೆಯದಿದ್ದದ್ದು ಆ ಫೈಲ್ ಸರಿಯಾಗಿದ್ದುದರಿಂದ ಅಲ್ಲ, ಅದನ್ನು ಬೇರೆ ಯಾರೂ ಬಳಸದೆ ಇದ್ದುದರಿಂದ. ನನ್ನ ಇಂಗ್ಲಿಷ್ ಎಲ್ಲೆಲ್ಲೋ ಮುರಿಯಿತು.

ಮುಖ್ಯಸ್ಥೆ ಕೇಳಿದ್ದು ಒಂದೇ. "ಶುಕ್ರವಾರಕ್ಕೆ ಮೊದಲು ಯಾಕೆ ಹೇಳಲಿಲ್ಲ?"

ನಾನು ಬೋರ್ಡಿನ ಮೇಲಿದ್ದ ನನ್ನ ಹೆಸರಿನ ಕಡೆ ಕೈ ತೋರಿಸಿದೆ.

ಬೋರ್ಡಿನ ಹೆಸರುಗಳನ್ನು ಮ್ಯಾನೇಜರ್ ತಾವೇ ಒರೆಸಿದರು. ನನಗೆ ಬರಹದಲ್ಲಿ ಎಚ್ಚರಿಕೆ ಬಂತು. ಕೆಲಸ ಹೋಗಲಿಲ್ಲ. ನನ್ನದು ಕಾಯಂ ಕಾಂಟ್ರಾಕ್ಟ್, ಆ ಭದ್ರತೆ ನನಗಿತ್ತು. ಆ ವಾರ ನಾನು, ಹಿರಿಯ ಡೆವಲಪರ್ ಒಟ್ಟಿಗೆ ಕುಳಿತು ಫಂಕ್ಷನ್ ಅನ್ನು ಎರಡು ಮಾಡಿದೆವು. ಒಂದು ಕೇಳುತ್ತದೆ, ಒಂದು ಮುಚ್ಚುತ್ತದೆ. ಸಮಯ ಮೀರುವ ತೊಂದರೆಯನ್ನು ಅವರು ಒಂದು ಸಂಖ್ಯೆ ಬದಲಿಸಿ ಸರಿ ಮಾಡಿದರು. ನಾನು ಅಂದುಕೊಂಡಿದ್ದ ಹತ್ತು ನಿಮಿಷವೂ ಹಿಡಿಯಲಿಲ್ಲ.

ಮುಖ್ಯಸ್ಥೆ ಮೇಲಿನವರ ಜೊತೆ ಜಗಳವಾಡಿ, ಬುಧವಾರ ಸಂಜೆ ತಂಗಿಗೆ ಹೊಸ ಕಾಗದ ತಂದುಕೊಟ್ಟರು. ಇನ್ನೊಂದು ವರ್ಷದ ಕಾಂಟ್ರಾಕ್ಟ್. ತಂಗಿ ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಳು. ಪೆನ್ನು ಬೇಕೇ ಎಂದು ಕೇಳಿದೆ.

"ಸೈನ್ ಮಾಡಲ್ಲ ಅಣ್ಣ."

"ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಮೂರು ತಿಂಗಳು ಅಂದ್ರೆ ಹಂಗೇ ಹೋಗ್ಬಿಡುತ್ತೆ."

"ಗೊತ್ತು."

"ನನ್ನ ಮೇಲಿನ ಕೋಪಕ್ಕೆ ಹಿಂಗ್ ಮಾಡ್ಬೇಡ."

"ಕೋಪ ಇಲ್ಲ." ಅವಳು ತಟ್ಟೆಯಲ್ಲಿನ ಅನ್ನವನ್ನು ಒಂದು ಕಡೆ ಒತ್ತರಿಸಿದಳು. "ಲಾಗ್ ನೋಡಿದ್ನಲ್ಲ, ಅವತ್ತೇ ನಿನ್ನ ಟ್ರಯಲ್ ಕಾಪಿಯ ಹಿಸ್ಟರಿನೂ ನೋಡಿದೆ, ಯಾವ ದಿನ ಏನು ಬದಲಾಗಿದೆ ಅಂತ. ನಾನು ಕೇಳಿದ ಮಾರನೇ ದಿನ ಆ ಲೈನ್ ತೆಗೆದಿದೀಯ. ಅದರ ಮಾರನೇ ದಿನ ವಾಪಸ್ ಹಾಕಿದೀಯ. ಮರೆತವರು ಹಂಗೆ ಮಾಡಲ್ಲ."

"ಮತ್ತೆ ಸೈಕಲ್‌ನಲ್ಲಿ ಬರುವಾಗ ಯಾಕೆ..."

"ನೀನೇ ಹೇಳ್ತೀಯ ಅಂತ ಕೇಳಿದೆ. ರಿಪೋರ್ಟ್ ಬಂದಾಗ್ಲೂ, ಕೊನೇ ಪ್ಯಾರಾದಲ್ಲಾದ್ರೂ ಇರುತ್ತೆ ಅಂತ ಓದಿದೆ."

ನಾನು ಕಾಗದವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದೆ.

"ಸೋಮವಾರ ಹೇಳಿದ್ಯಲ್ಲ, ಅದು ಸರಿ. ಆದ್ರೆ ಆ ಟೀಮ್‌ನಲ್ಲಿ ಎಲ್ಲರೂ ಎಲ್ಲರ ಕೋಡ್‌ಗೂ ಕೈ ಹಾಕ್ಬೇಕು. ನಿನ್ನ ಪಕ್ಕ ಕೂತು ದಿನಕ್ಕೆ ಹತ್ತು ಸಲ ಇದು ಏನು, ಅದು ಏನು ಅಂತ ಕೇಳ್ಬೇಕು. ನೀನು ಹೇಳಿದ್ಮೇಲೂ ನಾನು ಹೋಗಿ ನೋಡಿಯೇ ನೋಡ್ತೀನಿ. ಬೇರೆಯವರಾಗಿದ್ರೆ ಅದು ಬರೀ ಕೆಲಸ. ನಿನ್ನ ಹತ್ರ ಅದನ್ನ ದಿನಾ ಮಾಡೋಕೆ ನನ್ನ ಕೈಲಿ ಆಗಲ್ಲ." ತಟ್ಟೆ ತೆಗೆದುಕೊಂಡು ಎದ್ದಳು. ನಲ್ಲಿಯ ಕೆಳಗೆ ತೊಳೆದು, ನನ್ನ ತಟ್ಟೆಗೂ ಕೈ ಚಾಚಿದಳು. ಕೊಟ್ಟೆ.

ಕಾಂಟ್ರಾಕ್ಟ್ ಮುಗಿದು ಎರಡು ತಿಂಗಳ ಮೇಲೆ ಹನ್ನೊಂದು ದಿನಕ್ಕೆ ಅವಳಿಗೆ ನೂರು ಕಿಲೋಮೀಟರಿಗೂ ದೂರದ ಜೂಟರ್‌ಮೀರ್‌ನಲ್ಲಿ ಕೆಲಸ ಸಿಕ್ಕಿತು. ಆ ದಿನಗಳನ್ನು ನಾನು ಎಣಿಸುತ್ತಿದ್ದೆ, ಅವಳೂ ಎಣಿಸುತ್ತಿದ್ದಳು, ಮನೆಯಲ್ಲಿ ಅದರ ಮಾತು ಬರಲಿಲ್ಲ. ಅಮ್ಮನಿಗೆ ಇನ್ನೂ ಒಳ್ಳೆಯ ಕೆಲಸ ಎಂದು ಹೇಳಿದೆವು. "ಅಣ್ಣನ ಹತ್ರಾನೇ ಇದ್ದಿದ್ರೆ ನಂಗೆ ನಿಶ್ಚಿಂತೆ ಇರ್ತಿತ್ತು," ಎಂದರು ಅಮ್ಮ. ಫೋನ್ ಸ್ಪೀಕರ್‌ನಲ್ಲಿತ್ತು. ಇಬ್ಬರೂ ಕೇಳಿಸಿಕೊಂಡೆವು.

ಬಾಡಿಗೆ ವ್ಯಾನ್‌ನಲ್ಲಿ ಅವಳ ಸಾಮಾನು ಸಾಗಿಸಿದ್ದು ಒಂದು ಶನಿವಾರ. ಹೊಸ ಮನೆ ಐದನೇ ಮಹಡಿಯಲ್ಲಿ, ಟ್ರಾಮ್ ಹಳಿಯ ಎದುರಿಗೆ. ಡಬ್ಬಗಳನ್ನು ಲಿಫ್ಟ್‌ನಲ್ಲಿ ಮೇಲೆ ತಂದೆವು. ಅವಳು ಅಡುಗೆಮನೆ ಜೋಡಿಸುತ್ತಿದ್ದಳು, ನಾನು ಗೋಡೆಗೆ ಪುಸ್ತಕದ ಶೆಲ್ಫ್ ಹಾಕುತ್ತಿದ್ದೆ. ನಾಲ್ಕು ಸ್ಕ್ರೂ. ಗೋಡೆ ಗಟ್ಟಿಯಿತ್ತು. ಡ್ರಿಲ್ ಮಾಡಿ, ಪ್ಲಗ್ ಹಾಕಿ, ಒಂದೊಂದನ್ನೂ ಪೂರ್ತಿ ಬಿಗಿ ಮಾಡಿದೆ.

"ಗಟ್ಟಿ ಆಯ್ತಾ ಅಣ್ಣ?" ಅವಳು ಒಳಗಿನಿಂದ ಕೇಳಿದಳು.

"ಆಯ್ತು."

ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಶೆಲ್ಫಿನ ಮುಂದೆ ನಿಂತು, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ಒಮ್ಮೆ ಕೆಳಕ್ಕೆ ಜಗ್ಗಿದಳು. ಶೆಲ್ಫ್ ಅಲುಗಲಿಲ್ಲ. ಆಮೇಲೆ ತಾನು ಮಾಡಿದ್ದೇನು ಎಂದು ಗೊತ್ತಾದವಳಂತೆ ಕೈ ತೆಗೆದಳು. ನಾನು ಪಕ್ಕಕ್ಕೆ ಸರಿದು, ಅವಳು ಇನ್ನೊಂದು ತುದಿಯನ್ನೂ ಜಗ್ಗಿ ನೋಡಲಿ ಎಂದು ಜಾಗ ಬಿಟ್ಟೆ. ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಜಗ್ಗಿ ನೋಡಿದಳು.